ಕಾರವಾರದ ಡಾಲ್ಫಿನ್‌ಗಳನ್ನು ಫೋಟೋದಿಂದ ಗುರುತಿಸುವುದು ಹೇಗೆ?

ಕಾಳಿ ನದಿ ಕಡಲು ಸೇರುವ ಕಾರವಾರದ ಆಸುಪಾಸಿನಲ್ಲಿ, ದಡಕ್ಕೆ ಹತ್ತಿರವೇ ಕಾಣುವುದು ಗೂನುಬೆನ್ನಿನ ಡಾಲ್ಫಿನ್. ಒಂದೊಂದನ್ನೂ ಗುರುತು ಹಿಡಿಯಲು ಬೆನ್ನಿನ ರೆಕ್ಕೆಯೇ ಆಧಾರ. ಅದರ ಹಿಂಬದಿ ಅಂಚಿನ ಕಚ್ಚುಗಳು ವರ್ಷಗಟ್ಟಲೆ ಉಳಿಯುತ್ತವೆ. ಮೈಮೇಲಿನ ಗೀರುಗಳು ಮಾಸುತ್ತವೆ, ಅವನ್ನಷ್ಟೇ ನಂಬಬೇಡಿ.

ಗಾಳಿ ಏಳುವ ಮೊದಲೇ ಹೊರಡಿ. ಅಲೆಯ ನೆತ್ತಿ ನೊರೆಗಟ್ಟಿದರೆ ಎಣಿಕೆ ತಪ್ಪುತ್ತದೆ. 300 ಮಿ.ಮೀ. ಲೆನ್ಸ್, 1/1000 ಸೆಕೆಂಡ್ ಅಥವಾ ಅದಕ್ಕಿಂತ ವೇಗದ ಶಟರ್ ಇರಲಿ. ರೆಕ್ಕೆಯ ಎಡ, ಬಲ ಎರಡೂ ಮಗ್ಗುಲನ್ನು ನೇರವಾಗಿ ತೆಗೆಯಿರಿ. ಓರೆಯಾಗಿ ತೆಗೆದರೆ ಕಚ್ಚಿನ ಆಕಾರ ಬೇರೆಯಾಗಿ ಕಂಡು, ಒಂದೇ ಪ್ರಾಣಿ ಎರಡೆಂದು ಲೆಕ್ಕಕ್ಕೆ ಸೇರುತ್ತದೆ.

ದೋಣಿ ಗುಂಪಿನ ಪಕ್ಕದಲ್ಲಿ, ಕನಿಷ್ಠ 50 ಮೀಟರ್ ದೂರದಲ್ಲಿ, ನಿಧಾನವಾಗಿ ಸಾಗಲಿ. ಎದುರಿನಿಂದ ಅಡ್ಡಗಟ್ಟುವುದು, ಹಿಂದಿನಿಂದ ಅಟ್ಟುವುದು ಬೇಡವೇ ಬೇಡ. ಬಾಲದಿಂದ ನೀರು ಬಡಿದರೆ, ಮುಳುಗು ದೀರ್ಘವಾದರೆ ಕ್ಯಾಮೆರಾ ಕೆಳಗಿಟ್ಟು ದೂರ ಸರಿಯಿರಿ.

ಬಲೆಗೆ ಸಿಕ್ಕ ಡಾಲ್ಫಿನ್ ಸಾಯುವುದು ಉಸಿರು ಸಿಗದೆ. ಜೀವಂತವಿದ್ದರೆ ಮೊದಲು ನೆತ್ತಿಯ ಉಸಿರುರಂಧ್ರವನ್ನು ನೀರಿನಿಂದ ಮೇಲೆತ್ತಿ ಹಿಡಿಯಿರಿ, ಆಮೇಲೆ ಬಲೆ ಕೊಯ್ಯಿರಿ. ಬಾಲ ಹಿಡಿದು ಎಳೆಯಬೇಡಿ, ಬೆನ್ನೆಲುಬಿಗೆ ಪೆಟ್ಟಾಗುತ್ತದೆ. ಸತ್ತಿದ್ದರೂ ಜಿಪಿಎಸ್ ಸ್ಥಾನ, ಬಲೆಯ ಕಣ್ಣಿನ ಅಳತೆ, ದೇಹದ ಉದ್ದ ಬರೆದುಕೊಂಡು ಅರಣ್ಯ ಇಲಾಖೆಗೆ ತಿಳಿಸಿ. ಬಲೆ ಕಳೆದುಕೊಂಡ ಮೀನುಗಾರರನ್ನು ದೂರಬೇಡಿ. ಮುಂದಿನ ಸುದ್ದಿ ಬರಬೇಕಾದದ್ದು ಅವರಿಂದಲೇ.