ತುತ್ತೂರಿ ಊದದ ಕಾಣಿಕೆ: ಇಗರ್ಜಿಯ ನೆರವು ನಿಧಿಯ ಲೆಕ್ಕ ಬರೆದ ಅನುಭವ

2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟು ಕಾಳಿ ನದಿಯ ದಂಡೆಯ ಊರುಗಳಿಗೆ ನೆರೆ ನುಗ್ಗಿದಾಗ, ಕಾರವಾರದ ಹೊರವಲಯದಲ್ಲಿರುವ ನಮ್ಮ ಇಗರ್ಜಿಯಿಂದ (ಚರ್ಚಿನಿಂದ) ನೆರವಿನ ಹಣ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವವನು ಎಂಬುದೊಂದೇ ನನ್ನ ಅರ್ಹತೆಯಾಗಿತ್ತು. ಅವಸರದಲ್ಲಿ ನನ್ನದೇ ಮೊಬೈಲ್ ಸಂಖ್ಯೆಯನ್ನು ಎಲ್ಲರಿಗೂ ಕೊಟ್ಟೆ. ಎರಡು ದಿನಗಳಲ್ಲಿ ಯುಪಿಐ ಮೂಲಕ 38,000 ರೂಪಾಯಿ ನನ್ನ ಉಳಿತಾಯ ಖಾತೆಗೆ ಬಂದು ಸೇರಿತು. ಮೂರನೆಯ ದಿನ ಬೆಳಿಗ್ಗೆ ಬ್ಯಾಂಕಿನಿಂದ ಸಂದೇಶ ಬಂತು: ಬೈಕ್ ಸಾಲದ ಕಂತು 3,140 ರೂಪಾಯಿ ಕಡಿತವಾಗಿದೆ. ಆ ತಿಂಗಳ ಸಂಬಳ ಇನ್ನೂ ಜಮಾ ಆಗಿರಲಿಲ್ಲ, ಖಾತೆಯಲ್ಲಿ ನನ್ನದೆಂದು ಇದ್ದದ್ದು 400 ರೂಪಾಯಿ ಚಿಲ್ಲರೆ. ಮನೆ ಕಳೆದುಕೊಂಡವರ ಹಣದಲ್ಲಿ ನನ್ನ ಬೈಕಿನ ಕಂತು ಸಂದಾಯವಾಗಿತ್ತು.

ಡಬ್ಬಿಯಲ್ಲಿದ್ದ ಹಣವಾಗಿದ್ದರೆ ನಾನು ಮುಚ್ಚಳ ತೆಗೆಯಬೇಕಿತ್ತು, ಕೈ ಹಾಕಬೇಕಿತ್ತು. ಆಗ ಕೈಯಾದರೂ ಹಿಂಜರಿಯುತ್ತಿತ್ತು. ಇಲ್ಲಿ ನಾನು ನಿದ್ದೆಯಲ್ಲಿದ್ದಾಗಲೇ ಕೆಲಸ ಮುಗಿದಿತ್ತು. ಯೇಸುವಿನ ಶಿಷ್ಯರ ಹಣದ ಚೀಲವನ್ನು ಇಟ್ಟುಕೊಂಡಿದ್ದ ಯೂದನು ಅದರಲ್ಲಿ ಹಾಕಿದ್ದನ್ನು ಕದಿಯುತ್ತಿದ್ದನೆಂದು ಬೈಬಲಿನಲ್ಲಿ ಯೋವಾನ್ನನ ಶುಭಸಂದೇಶದ 12ನೆಯ ಅಧ್ಯಾಯದಲ್ಲಿ ಇದೆ. ಆ ವಾಕ್ಯವನ್ನು ಅಲ್ಲಿಯವರೆಗೆ ನಾನು ಬೇರೆಯವರ ಬಗ್ಗೆ ಎಂದೇ ಓದಿದ್ದೆ. ಸಂಘದಿಂದ ಮುಂಗಡ ಪಡೆದು ಅದೇ ದಿನ ಹಣವನ್ನು ಭರ್ತಿ ಮಾಡಿ, ಸಂಜೆ ಪಾದ್ರಿಗಳಿಗೆ ವಿಷಯ ತಿಳಿಸಿದೆ. ಅವರು ಬೈಯಲಿಲ್ಲ. ಸಂತ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೆಯ ಅಧ್ಯಾಯವನ್ನು ತೆರೆದು ಓದಲು ಕೊಟ್ಟರು. ಜೆರುಸಲೇಮಿನ ಬಡವರಿಗಾಗಿ ಕೂಡಿಸಿದ ದೊಡ್ಡ ಮೊತ್ತವನ್ನು ನಿರ್ವಹಿಸುವಾಗ ಯಾರೂ ತನ್ನತ್ತ ಬೆರಳು ತೋರಿಸಬಾರದೆಂದು ಪೌಲನು ಎಚ್ಚರ ವಹಿಸುತ್ತಾನೆ, ತನ್ನ ಸಹಚರ ತೀತನ ಜೊತೆಗೆ ಇನ್ನಿಬ್ಬರನ್ನು ಕಳಿಸುತ್ತಾನೆ, ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎನ್ನುತ್ತಾನೆ. ಮುಂದಿನ ತಿಂಗಳೇ ಇಗರ್ಜಿಯ ಟ್ರಸ್ಟ್ ಹೆಸರಿನಲ್ಲಿ ಪ್ರತ್ಯೇಕ ಖಾತೆ ತೆರೆದೆವು. ಹಣ ತೆಗೆಯಲು ಇಬ್ಬರ ಸಹಿ ಬೇಕು, ಆ ಇಬ್ಬರು ಒಂದೇ ಮನೆಯವರಾಗಿರಬಾರದು ಎಂದು ನಿಯಮ ಮಾಡಿಕೊಂಡೆವು.

ಲೆಕ್ಕ ಎಲ್ಲರಿಗೂ ಕಾಣಬೇಕೆಂಬ ಹುಮ್ಮಸ್ಸಿನಲ್ಲಿ ನಾನು ಎರಡನೆಯ ತಪ್ಪು ಮಾಡಿದೆ. ಪ್ರತಿ ಭಾನುವಾರ ದಾನಿಗಳ ಹೆಸರು ಮತ್ತು ಮೊತ್ತದ ಪಟ್ಟಿಯನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕತೊಡಗಿದೆ. ಹಬ್ಬದ ದಿನ ಇಗರ್ಜಿಯ ಬಾಗಿಲಲ್ಲಿ ಕ್ಯೂಆರ್ ಕೋಡ್ ಇಟ್ಟು, ಅಂಗಡಿಗಳಲ್ಲಿರುವಂತೆ ಮೊತ್ತವನ್ನು ಕೂಗಿ ಹೇಳುವ ಸೌಂಡ್‌ಬಾಕ್ಸನ್ನೂ ಇರಿಸಿದೆ. ಗಲ್ಫಿನಿಂದ ರಜೆಗೆ ಬಂದವರೊಬ್ಬರು ಸ್ಕ್ಯಾನ್ ಮಾಡಿದಾಗ ಪೆಟ್ಟಿಗೆಯು ‘ಐದು ಸಾವಿರದ ಒಂದು ರೂಪಾಯಿ ಸ್ವೀಕರಿಸಲಾಗಿದೆ’ ಎಂದಿತು. ಅವರ ಹಿಂದೆ ನಿಂತಿದ್ದವರು ಮನೆಮನೆಗೆ ಮೀನು ಮಾರುವ ವಯಸ್ಸಾದ ಒಬ್ಬ ಬಾಯಿ (ನಮ್ಮ ಕಡೆ ಹೆಂಗಸರನ್ನು ಹಾಗೆ ಕರೆಯುತ್ತೇವೆ). ಮೊಮ್ಮಗ ಕಲಿಸಿಕೊಟ್ಟಿದ್ದರಿಂದ ಮೊಬೈಲಿನಲ್ಲಿ ಹಣ ಕಳಿಸುವುದು ಅವರಿಗೆ ಹೊಸ ಸಂಭ್ರಮ. ‘ಹತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಪೆಟ್ಟಿಗೆ ಅದೇ ದನಿಯಲ್ಲಿ ಕೂಗಿದಾಗ ಹಿಂದಿನಿಂದ ಯಾರೋ ನಕ್ಕರು. ಬಾಯಿ ಸೆರಗಿನೊಳಗೆ ಮೊಬೈಲ್ ಇಟ್ಟುಕೊಂಡು ಒಳಗೆ ಹೋದರು, ಮತ್ತೆ ಎರಡು ತಿಂಗಳು ಅವರ ಹೆಸರು ನನ್ನ ಪಟ್ಟಿಯಲ್ಲಿ ಕಾಣಲಿಲ್ಲ.

ದಾನ ಮಾಡುವಾಗ ತುತ್ತೂರಿ ಊದಿಸಬೇಡ, ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂಬ ಮಾತು ಮತ್ತಾಯನ 6ನೆಯ ಅಧ್ಯಾಯದಲ್ಲಿದೆ. ಜೆರುಸಲೇಮಿನ ದೇವಾಲಯದಲ್ಲಿ ತುತ್ತೂರಿಯ ಆಕಾರದ 13 ಕಾಣಿಕೆ ಪೆಟ್ಟಿಗೆಗಳಿದ್ದವೆಂದು ಯೆಹೂದ್ಯರ ಧರ್ಮನಿಯಮಗಳ ಹಳೆಯ ಸಂಗ್ರಹವಾದ ಮಿಷ್ನಾ ಹೇಳುತ್ತದೆ. ಮಾರ್ಕನ 12ನೆಯ ಅಧ್ಯಾಯದ ವಿಧವೆ ಎರಡು ಕಾಸು ಹಾಕಿದ್ದು ಅಂಥ ಪೆಟ್ಟಿಗೆಗೇ ಇರಬೇಕು. ಶ್ರೀಮಂತರ ನಾಣ್ಯಗಳ ಸದ್ದಿನ ನಡುವೆ ಅವಳ ಕಾಸಿನ ಸದ್ದನ್ನು ಗಮನಿಸಿದವನು ಯೇಸು ಒಬ್ಬನೇ. ನಾನಾದರೋ ಆ ಸದ್ದಿಗೆ ಬ್ಯಾಟರಿ ಹಾಕಿ ಕೂರಿಸಿದ್ದೆ.

ಹಣವು ಡಿಜಿಟಲ್ ಆದಾಗ ಮತ್ತಾಯನ ಮಾತು ಮತ್ತು ಪೌಲನ ಮಾತು ಎದುರುಬದುರಾಗುತ್ತವೆ: ಕೊಟ್ಟವರು ಮರೆಯಲ್ಲಿರಬೇಕು, ಲೆಕ್ಕ ಬೆಳಕಿನಲ್ಲಿರಬೇಕು. ಡಬ್ಬಿಗೆ ಬಿದ್ದ ನೋಟಿಗೆ ಹೆಸರಿರಲಿಲ್ಲ. ಯುಪಿಐಯ ಪ್ರತಿ ರೂಪಾಯಿಗೂ ಹೆಸರು, ದಿನಾಂಕ, ಗಂಟೆ ಎಲ್ಲವೂ ಅಂಟಿಕೊಂಡಿರುತ್ತವೆ. ಹಲವು ತಿಂಗಳು ತಡಕಾಡಿದ ಮೇಲೆ ನಾನು ಕಂಡುಕೊಂಡದ್ದು ಇಷ್ಟು: ಒಳಬಂದ ಹಣದ ಒಟ್ಟು ಮೊತ್ತ ಮಾತ್ರ ಹೊರಗೆ, ಖರ್ಚಿನ ಪ್ರತಿ ಸಾಲೂ ಹೊರಗೆ, ದಾನಿಗಳ ಹೆಸರು ಬ್ಯಾಂಕ್ ಪಟ್ಟಿಯಲ್ಲೇ ಒಳಗೆ. ಆ ಪಟ್ಟಿಯನ್ನು ನಾನು ಮತ್ತು ಲೆಕ್ಕ ತಪಾಸಣೆಗಾರರು ಮಾತ್ರ ನೋಡುತ್ತೇವೆ. ಪಾದ್ರಿಗಳು ತಾವಾಗಿಯೇ ನೋಡುವುದಿಲ್ಲ ಎಂದರು, ಯಾರು ಎಷ್ಟು ಕೊಟ್ಟರೆಂದು ತಿಳಿದರೆ ಪ್ರವಚನ ಮಾಡುವಾಗ ಮುಖ ನೋಡುವುದು ಕಷ್ಟವೆಂಬುದು ಅವರ ಕಾರಣ. ತೆರಿಗೆ ವಿನಾಯಿತಿ ಬೇಕಾದವರಿಗೆ ರಸೀದಿಯನ್ನು ಖಾಸಗಿಯಾಗಿ ಕಳಿಸುತ್ತೇನೆ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ವಿನಾಯಿತಿ ಸಿಗುವುದಿಲ್ಲವಾದ್ದರಿಂದ ದೊಡ್ಡ ಮೊತ್ತಗಳು ಹೇಗೂ ಬ್ಯಾಂಕಿನ ಮೂಲಕವೇ ಬರುತ್ತವೆ. ಹಳೆಯ ಡಬ್ಬಿ ಕಂಬದ ಬಳಿ ಹಾಗೆಯೇ ಇದೆ. ಸೌಂಡ್‌ಬಾಕ್ಸನ್ನು ಹಿಂದಿರುಗಿಸಿದೆ. ಮೀನು ಮಾರುವ ಆ ಬಾಯಿಯ ಮನೆಗೆ ಹೋಗಿ ಕ್ಷಮೆ ಕೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಅದರ ಬಾಯಿ ಮುಚ್ಚಿಸಿದೆಯೇನೋ ಬಾಬಾ?”

ಕೊಡುವ ಕಡೆ ಬೇರೆಯೇ ಪಾಠಗಳಾದವು. ಕಾಯಿಲೆಯ ವೃದ್ಧೆಯೊಬ್ಬರ ಖಾತೆಗೆ ತಿಂಗಳಿಗೆ 1,500 ರೂಪಾಯಿ ಹಾಕುತ್ತಿದ್ದೆವು; ಖಾತೆಗೆ ಜೋಡಿಸಿದ ಮೊಬೈಲ್ ಮಗನ ಕೈಯಲ್ಲಿತ್ತು, ಹಣ ಸಾರಾಯಿ ಅಂಗಡಿಗೆ ಹೋಗುತ್ತಿತ್ತು. ಈಗ ಔಷಧದಂಗಡಿಯವರಿಗೇ ನೇರವಾಗಿ ಪಾವತಿಸುತ್ತೇವೆ. ಎಲ್ಲರಿಗೂ ಇದೇ ಕ್ರಮವನ್ನು ಹೇರಲು ನಾನು ಒಪ್ಪಲಿಲ್ಲ. ಬಡವರು ಏನು ಕೊಳ್ಳಬೇಕೆಂದು ನಾವೇ ನಿರ್ಧರಿಸುವುದು ಇನ್ನೊಂದು ಬಗೆಯ ಅಹಂಕಾರ. ನೆರವು ಪಡೆಯುವವರ ಫೋಟೊ ತೆಗೆಯುವುದನ್ನೂ ನಿಲ್ಲಿಸಿದೆವು. ವಿದೇಶಿ ಪೌರತ್ವ ಪಡೆದಿದ್ದ ಬಂಧುವೊಬ್ಬರು ಕಳಿಸಿದ ಹಣವನ್ನು ಹಿಂದಿರುಗಿಸಬೇಕಾಯಿತು. ರೂಪಾಯಿಯಲ್ಲೇ ಬಂದರೂ ಕಾಯ್ದೆಯ ಪ್ರಕಾರ ಅದು ವಿದೇಶಿ ವಂತಿಗೆ, ಅದಕ್ಕೆ ನಮ್ಮಲ್ಲಿ ನೋಂದಣಿ ಇರಲಿಲ್ಲ. ಭಾರತದ ಪಾಸ್‌ಪೋರ್ಟ್ ಇರುವ ಗಲ್ಫ್ ನೌಕರರಿಗೆ ಈ ತೊಡಕಿಲ್ಲ.

ಒಂದು ಹಂತದಲ್ಲಿ ಖಾತೆಯಲ್ಲಿ 64,000 ರೂಪಾಯಿ ಉಳಿದಿತ್ತು, ಮೊಬೈಲ್ ತೆರೆದಾಗಲೆಲ್ಲ ಆ ಅಂಕಿ ನೋಡಿ ನನಗೆ ಹೆಮ್ಮೆಯೆನಿಸುತ್ತಿತ್ತು. ನೀನು ಬಚ್ಚಿಟ್ಟ ರೊಟ್ಟಿ ಹಸಿದವನದು ಎಂದು 4ನೆಯ ಶತಮಾನದಲ್ಲಿ ಸೆಸರಿಯಾದ ಸಂತ ಬೆಸಿಲ್ ಬೋಧಿಸಿದ್ದನ್ನು ಪಾದ್ರಿಗಳು ನೆನಪಿಸಿದರು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುವ ಆ 61 ದಿನಗಳಲ್ಲೇ ಸಾಲದ ಆ್ಯಪ್‌ಗಳ ಬಲೆಗೆ ಜನ ಬೀಳುವುದು. ಹಾಗಾಗಿ ಮೇ ಕೊನೆಯಿಂದಲೇ ಬಡ್ಡಿಯಿಲ್ಲದ ಸಣ್ಣ ಕೈಸಾಲ ಕೊಡಲು ಆರಂಭಿಸಿದೆವು, ಜುಲೈ 31ರ ರಾತ್ರಿ ಖಾತೆಯಲ್ಲಿ 1,000 ರೂಪಾಯಿಗಿಂತ ಹೆಚ್ಚು ಉಳಿಯಬಾರದೆಂದು ಠರಾವು ಮಾಡಿದೆವು. ಮರಳಿ ಬಂದರೆ ಬಂತು, ಬಾರದಿದ್ದರೆ ಕೇಳುವುದಿಲ್ಲ. ಹಿಂದಕ್ಕೆ ಬರುವ ಆಸೆಯಿಲ್ಲದೆ ಸಾಲ ಕೊಡಿ ಎಂಬ ಲೂಕನ ವಾಕ್ಯವನ್ನು ಲೆಕ್ಕಪತ್ರದಲ್ಲಿ ಹೇಗೆ ತೋರಿಸಬೇಕೆಂದು ತಪಾಸಣೆಗಾರರ ಜೊತೆ ಅರ್ಧ ದಿನ ವಾದಿಸಿದ್ದೇನೆ.

ಈಗ ಹೊಸ ಪ್ರಶ್ನೆ ಬಂದಿದೆ. ಬಿಟ್‌ಕಾಯಿನ್ ವಹಿವಾಟಿನಲ್ಲಿ ಲಾಭ ಮಾಡಿದ ಯುವಕನೊಬ್ಬ ಶೇ 30ರ ತೆರಿಗೆ ಕಟ್ಟಿ ಉಳಿದುದರ ಹತ್ತನೆಯ ಒಂದು ಭಾಗ ಕೊಡುತ್ತೇನೆ ಎನ್ನುತ್ತಿದ್ದಾನೆ. ಅದು ಜೂಜಿನ ಹಣ, ಮುಟ್ಟಬಾರದು ಎಂಬುದು ಸಮಿತಿಯ ಇಬ್ಬರು ಹಿರಿಯರ ನಿಲುವು; ಬೈಬಲಿನ ಸುಂಕದವನಾದ ಜಕ್ಕಾಯನ ಹಣಕ್ಕಿಂತ ಇದೇನೂ ಕೊಳಕಲ್ಲ, ಆದರೆ ಅವನು ಮೋಸ ಮಾಡಿದವರಿಗೆ ನಾಲ್ಕರಷ್ಟು ಹಿಂದಿರುಗಿಸಲು ಸಿದ್ಧನಾಗಿದ್ದನೆಂಬುದನ್ನೂ ಮರೆಯಬಾರದು ಎಂದು ನಾನು ಹೇಳಿದೆ. ನಷ್ಟವಾದವರು ಯಾರೆಂದು ಆ ಹುಡುಗನಿಗೆ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಮುಂದಿನ ಭಾನುವಾರ ಬಲಿಪೂಜೆಯ ನಂತರ ಮತ್ತೆ ಕೂರಲಿದ್ದೇವೆ.