ಸೋಲಾರ್ ಬಿಸಿನೀರಿನ ಪೈಪಿಗೆ ಫೋಮ್ ತೊಡಿಸಿ

ತಾರಸಿಯ ಸೋಲಾರ್ ಟ್ಯಾಂಕಿನಿಂದ ಬಚ್ಚಲಿಗೆ ಇಳಿಯುವ ಬಿಸಿನೀರಿನ ಪೈಪಿಗೆ, ಎಸಿ ಪೈಪಿಗೆ ಹಾಕ್ತಾರಲ್ಲ, ಆ ಕಪ್ಪು ಫೋಮ್ ಕೊಳವೆ ತೊಡಿಸಿ. ಉದ್ದಕ್ಕೆ ಸೀಳಿ ಸಿಕ್ಕಿಸಿದರಾಯಿತು, ಪ್ಲಂಬರ್ ಬೇಕಿಲ್ಲ. ಟ್ಯಾಂಕಿಗೆ ಒಳಗೇ ಹೊದಿಕೆ ಇರುತ್ತದೆ. ಬರಿಮೈ ಪೈಪ್ ಮಾತ್ರ ಮೈಸೂರಿನ ಡಿಸೆಂಬರ್ ಚಳಿಗೆ ಬಿಸಿ ಬಿಟ್ಟುಕೊಡುತ್ತಲೇ ಇರುತ್ತದೆ. ಫೋಮಿನೊಳಗಿನ ಗಾಳಿಗುಳ್ಳೆಗಳು ಅದನ್ನು ತಡೆಯುತ್ತವೆ, ಗೀಸರ್ ಹಾಕುವುದು ಕಡಿಮೆಯಾಗುತ್ತದೆ. ಪೈಪ್ ತಿರುಗುವ ಎಲ್ಬೋ, ವಾಲ್ವ್ ಬಳಿಯೂ ಬಿಡದೆ ಸುತ್ತಿ. ಮೇಲೆ ಅಲ್ಯೂಮಿನಿಯಂ ಟೇಪ್ ಬೇಕೇ ಬೇಕು, ಇಲ್ಲದಿದ್ದರೆ ಬಿಸಿಲಿಗೆ ಫೋಮ್ ಪುಡಿಪುಡಿ. ಟ್ಯಾಂಕಿನ ಗಾಳಿ, ಹಬೆ ಹೊರಬಿಡುವ ಏರ್ ವೆಂಟ್ ಪೈಪಿನ ಬಾಯಿ ಮಾತ್ರ ಮುಚ್ಚಬೇಡಿ. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರು ಹೇಗೂ ತಣ್ಣಗಾಗುತ್ತದೆ, ಸುಮ್ನೆ ಬಕೆಟ್‌ಗೆ ಹಿಡಿದಿಡಿ, ಪಾತ್ರೆಗಾಯಿತು. ಗೋಡೆಯೊಳಗೆ ಹೂತ ಪೈಪಿಗೆ ಈ ಉಪಾಯ ನಡೆಯಲ್ಲ. ಗಡಸು ಬೋರ್ ನೀರಿನಿಂದ ನೀರು ಕಾಯಿಸುವ ಸೋಲಾರ್ ಟ್ಯೂಬಿನೊಳಗೆ ಸುಣ್ಣ ಕಟ್ಟಿದ್ದರೆ ಮೊದಲು ಅದನ್ನು ತೆಗೆಸಿ.