ಗುಂಡನ ಹಿಕ್ಕೆಯಲ್ಲಿ ಕಂಡ ಮೊಟ್ಟೆಗಳು ಯಾರವು?

ಡೊಂಬಿವಲಿಯ ಒಂದು ಪ್ಯಾಥಾಲಜಿ ಲ್ಯಾಬ್‌ನಲ್ಲಿ ನಾನು ಟೆಕ್ನಿಶಿಯನ್. ಮನುಷ್ಯರ ಸ್ಟೂಲ್ ಟೆಸ್ಟ್ ನನಗೆ ದಿನನಿತ್ಯದ ಕೆಲಸ. ಮನೆಯಲ್ಲಿ ಗುಂಡ ಇದೆ. ಅದು ಬಿಯರ್ಡೆಡ್ ಡ್ರ್ಯಾಗನ್, ನಮ್ಮ ಓತಿಕ್ಯಾತದ ಆಸ್ಟ್ರೇಲಿಯಾದ ನೆಂಟ. ಕಳೆದ ಮಳೆಗಾಲದಲ್ಲಿ ಅದರ ಹಿಕ್ಕೆ ನೀರಾಗಿ ವಿಪರೀತ ನಾರತೊಡಗಿತು. ತಿನ್ನುತ್ತಿತ್ತು, ಆದರೂ ಬಾಲದ ಬುಡ ಸೊರಗುತ್ತಾ ಬಂತು.

ಪಕ್ಕದ ಮುಂಬೈನ ಪರೇಲ್‌ನಲ್ಲಿ 1886ರಲ್ಲೇ ಪಶುವೈದ್ಯ ಕಾಲೇಜು ಶುರುವಾಗಿತ್ತು. ಆದರೂ ಓತಿ, ಆಮೆ ನೋಡುವ ಡಾಕ್ಟರು ಎಲ್ಲ ಕಡೆ ಸಿಗುವುದಿಲ್ಲ. ಅಪಾಯಿಂಟ್‌ಮೆಂಟ್ ಸಿಗುವಷ್ಟರಲ್ಲಿ, ಹಿಕ್ಕೆಯಲ್ಲಿ ಹೊಟ್ಟೆಹುಳದ ಗುರುತು ಇದೆಯಾ ಅಂತ ನಾನೇ ಒಮ್ಮೆ ನೋಡೋಣ ಅಂತ ಕೂತೆ. ಹಳೇ ಮೈಕ್ರೋಸ್ಕೋಪ್ ಒಂದು ಮನೆಯಲ್ಲೇ ಇತ್ತು.

ಸ್ಯಾಂಪಲ್ ತಾಜಾ ಇರಬೇಕು. ಗೂಡಿನ ತಳಕ್ಕೆ ಪೇಪರ್ ಹಾಸಿದರೆ ಎತ್ತಿಕೊಳ್ಳುವುದು ಸುಲಭ. ಹಿಕ್ಕೆಯ ಜೊತೆ ಬರುವ ಬಿಳಿ ಮುದ್ದೆ ಮೂತ್ರದ್ದು, ಅದನ್ನು ಬಿಟ್ಟು ಕಂದು ಭಾಗ ಮಾತ್ರ ತೆಗೆದುಕೊಳ್ಳುತ್ತೇನೆ. ಕೈಗವಸು ಬೇಕೇ ಬೇಕು. ಸರೀಸೃಪಗಳಲ್ಲಿ ಸಾಲ್ಮೊನೆಲ್ಲಾ (ಮನುಷ್ಯರಿಗೆ ಭೇದಿ ತರಿಸುವ ಬ್ಯಾಕ್ಟೀರಿಯಾ) ಸಾಮಾನ್ಯ, ಹಾಗಾಗಿ ಈ ಕೆಲಸ ಅಡುಗೆಮನೆಯಲ್ಲಿ ಬೇಡ.

ಮೊದಲು ಒಂದು ಹನಿ ನಾರ್ಮಲ್ ಸಲೈನ್‌ನಲ್ಲಿ ಚೂರು ಹಿಕ್ಕೆ ಕಲಸಿ ನೇರವಾಗಿ ನೋಡುವುದು. ಓಡಾಡುವ ಏಕಕೋಶ ಜೀವಿಗಳು ಇದರಲ್ಲೇ ಕಾಣುತ್ತವೆ. ಒಂದೆರಡು ಓಡಾಡಿದರೆ ಗಾಬರಿ ಬೇಡ. ಹಿಂಡುಹಿಂಡಾಗಿ ಇದ್ದು, ಪ್ರಾಣಿಯೂ ಸೊರಗಿದ್ದರೆ ಆಗ ಯೋಚಿಸಬೇಕು.

ಹುಳಗಳ ಮೊಟ್ಟೆ ಹುಡುಕಲು ಉಪ್ಪುನೀರು. ಬಿಸಿನೀರಿಗೆ ಉಪ್ಪು ಹಾಕುತ್ತಾ ಹೋಗಿ, ತಳದಲ್ಲಿ ಕರಗದೆ ಉಳಿಯುವವರೆಗೆ. ಲೀಟರಿಗೆ 400 ಗ್ರಾಂ ಹತ್ತಿರ ಹಾಕಿದರೆ ಸಾಕು. ಈ ನೀರಿನ ಸಾಂದ್ರತೆ ಮಾಮೂಲಿ ನೀರಿನ ಸುಮಾರು 1.2 ಪಟ್ಟು. ಹೆಚ್ಚಿನ ಹುಳಗಳ ಮೊಟ್ಟೆ ಅದಕ್ಕಿಂತ ಹಗುರ, ತೇಲಿ ಮೇಲೆ ಬರುತ್ತವೆ. ಹಿಕ್ಕೆಯನ್ನು ಅದರಲ್ಲಿ ಕದಡಿ, ಸೋಸಿ, ಸಣ್ಣ ಟ್ಯೂಬಿಗೆ ಅಂಚು ಉಬ್ಬುವಷ್ಟು ತುಂಬಿಸಿ, ಮೇಲೆ ಕವರ್‌ಸ್ಲಿಪ್ (ತೆಳು ಗಾಜಿನ ಚೂರು) ಇಟ್ಟು 15 ನಿಮಿಷ ಬಿಡುತ್ತೇನೆ. ಜಾಸ್ತಿ ಬಿಟ್ಟರೆ ಉಪ್ಪು ಹರಳುಗಟ್ಟುತ್ತದೆ, ಮೊಟ್ಟೆಗಳೂ ಮುದುಡುತ್ತವೆ. ಮುಂಬೈ ಮಳೆಗಾಲದಲ್ಲಿ ಕವರ್‌ಸ್ಲಿಪ್‌ಗಳು ತೇವಕ್ಕೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣದ ಜೊತೆ ಇಡಿ.

ಇನ್ನು ಗುರುತಿಸುವುದು. ನನಗೆ ಕಷ್ಟ ಅನ್ನಿಸಿದ್ದೂ, ಇಷ್ಟವಾಗಿದ್ದೂ ಇದೇ. ಗುಂಡನ ಸ್ಲೈಡ್‌ನಲ್ಲಿ ಎರಡು ತರಹದ ವಸ್ತು ಇದ್ದವು. ಒಂದು ಉದ್ದನೆಯದು, ಒಂದು ಬದಿ ಚಪ್ಪಟೆ, ಪಿನ್‌ವರ್ಮ್ ಅನ್ನುವ ಸಣ್ಣ ಕರುಳುಹುಳದ ಮೊಟ್ಟೆಯ ಹಾಗೆ. ಇನ್ನೊಂದು ತೀರಾ ಚಿಕ್ಕದು, ಸುಮಾರು 25 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್), ದುಂಡಗೆ. 400 ಪಟ್ಟು ದೊಡ್ಡದು ಮಾಡಿ ನೋಡಿದಾಗ ಕೆಲವದರ ಒಳಗೆ ಎರಡು ಚೀಲ, ಪ್ರತಿ ಚೀಲದಲ್ಲಿ ನಾಲ್ಕು ಬಾಳೆಹಣ್ಣಿನಾಕಾರದ ಕಣ. ಅದು ಐಸೋಸ್ಪೋರಾ ಗುಂಪಿನ ಕಾಕ್ಸಿಡಿಯಾ, ಅಂದರೆ ಕರುಳಿನಲ್ಲಿ ಬದುಕುವ ಏಕಕೋಶ ಪರಾವಲಂಬಿ, ಬಿಯರ್ಡೆಡ್ ಡ್ರ್ಯಾಗನ್‌ಗಳಲ್ಲಿ ಮಾಮೂಲಿ. ನಾಲ್ಕು ಚೀಲ, ಪ್ರತಿಯೊಂದರಲ್ಲಿ ಎರಡೆರಡು ಕಣ ಇದ್ದಿದ್ದರೆ ಐಮೀರಿಯಾ ಅನ್ನುವ ಇನ್ನೊಂದು ಗುಂಪಿನ ಕಾಕ್ಸಿಡಿಯಾ ಆಗುತ್ತಿತ್ತು.

ಆದರೆ ಪಿನ್‌ವರ್ಮ್ ಮೊಟ್ಟೆ ಗುಂಡನದ್ದೇ ಅಂತ ಹೇಗೆ ಹೇಳುವುದು? ಅದು ತಿನ್ನುವ ಜಿರಳೆಗೂ ತನ್ನದೇ ಪಿನ್‌ವರ್ಮ್ ಇರುತ್ತದೆ. ಜಿರಳೆ ಹೊಟ್ಟೆಯ ಮೊಟ್ಟೆ ಓತಿಯ ಹೊಟ್ಟೆ ದಾಟಿ ಹಾಗೇ ಆಚೆ ಬರಬಹುದು. ಇಲಿಮರಿ ತಿನ್ನಿಸಿದರೆ ಇಲಿಯದ್ದು ಬರುತ್ತದೆ. ಅದಕ್ಕೇ ಗುಂಡನ ಊಟಕ್ಕೆ ಇಟ್ಟ ಜಿರಳೆ ಡಬ್ಬಿಯ ತಳದ ಹಿಕ್ಕೆಯನ್ನೂ ಅದೇ ಉಪ್ಪುನೀರಲ್ಲಿ ತೇಲಿಸಿ ನೋಡಿದೆ. ಥೇಟ್ ಅದೇ ಮೊಟ್ಟೆ ಅಲ್ಲೂ ಇತ್ತು! ಆಮೇಲೆ ಸ್ವಲ್ಪ ದಿನ ಗುಂಡನಿಗೆ ಸೊಪ್ಪು, ಕುಂಬಳಕಾಯಿ ಮಾತ್ರ ಕೊಟ್ಟೆ. ಆ ಮೊಟ್ಟೆ ಮಾಯವಾಯಿತು, ಕಾಕ್ಸಿಡಿಯಾ ಉಳಿಯಿತು. ಅಂದರೆ ಚಿಕಿತ್ಸೆ ಬೇಕಿದ್ದದ್ದು ಹುಳಕ್ಕಲ್ಲ. ಸುಮ್ನೆ ಜಂತುಹುಳದ ಔಷಧಿ ಕೊಟ್ಟಿದ್ದರೆ ಕಾಕ್ಸಿಡಿಯಾಕ್ಕೆ ಏನೂ ಆಗುತ್ತಿರಲಿಲ್ಲ.

ಈ ವಿಷಯ ಗೊತ್ತಾಗಿ ನಮ್ಮ ಕಟ್ಟಡದ ಮಂಗಳೂರು ಕಡೆಯ ಹುಡುಗ ತನ್ನ ಆಮೆಯ ಬಗ್ಗೆ ಕೇಳಿದ. "ಅಣ್ಣಾ, ಮೆಡಿಕಲ್‌ನಲ್ಲಿ ಸಿಗುವ ಹುಳದ ಮಾತ್ರೆಯನ್ನೇ ಚೂರು ಮುರಿದು ಕೊಟ್ಟರೆ ಆಗಲ್ವಾ?" ಆಗಲ್ಲ ಮಾರಾಯ, ಅಂದೆ. ಅಂಥ ಹುಳದ ಔಷಧಿಗಳಲ್ಲೊಂದಾದ ಐವರ್‌ಮೆಕ್ಟಿನ್ ಆಮೆಗೆ ವಿಷ, ಸಾಯಬಹುದು. ಬೇರೆ ಔಷಧಿಗಳಿಗೂ ತೂಕ ನೋಡಿ ಡಾಕ್ಟರೇ ಡೋಸ್ ಹೇಳಬೇಕು. ನಮ್ಮ ಕೆಲಸ ಗುರುತಿಸುವವರೆಗೆ, ಅಷ್ಟೇ.

ನಾನೂ ಹಾಗೇ ಮಾಡಿದೆ. ಎರಡೂ ಸ್ಲೈಡ್‌ಗಳ ಫೋಟೋ ಮೊಬೈಲ್‌ನಲ್ಲಿ ತೆಗೆದು, ಗುಂಡನ ತೂಕ ಬರೆದುಕೊಂಡು ಡಾಕ್ಟರ ಹತ್ತಿರ ಹೋದೆ. ಅವರು ಮತ್ತೊಮ್ಮೆ ಪರೀಕ್ಷೆ ಮಾಡಿ ಕಾಕ್ಸಿಡಿಯಾಕ್ಕೆ ಔಷಧಿ ಕೊಟ್ಟರು. ಔಷಧಿ ನಡೆಯುವಾಗ ಗೂಡಿನ ಪೇಪರ್ ದಿನಾ ಬದಲಿಸಬೇಕು, ಹಿಕ್ಕೆ ಬಿದ್ದ ಕೂಡಲೇ ತೆಗೆಯಬೇಕು. ಇಲ್ಲದಿದ್ದರೆ ತನ್ನ ಹಿಕ್ಕೆಯಿಂದಲೇ ಮತ್ತೆ ಅಂಟಿಕೊಳ್ಳುತ್ತದೆ. ಮಾಮೂಲಿ ಬ್ಲೀಚ್‌ಗೆ ಕಾಕ್ಸಿಡಿಯಾ ಬಗ್ಗುವುದಿಲ್ಲ. ಗೂಡಿನ ಕಲ್ಲು, ಬಟ್ಟಲುಗಳನ್ನು ಕುದಿಯುವ ನೀರಲ್ಲಿ ಹಾಕಿ ತೆಗೆದೆ. ಕೋರ್ಸ್ ಮುಗಿದ ಮೇಲೂ ಒಂದೇ ಸಲ ನೋಡಿ ಬಿಡಬೇಡಿ, ಮೊಟ್ಟೆಗಳು ದಿನವೂ ಬೀಳುವುದಿಲ್ಲ. ಕೆಲವು ದಿನ ಬಿಟ್ಟು ಇನ್ನೊಂದು ಸ್ಯಾಂಪಲ್ ತೇಲಿಸಿ ನೋಡಿ.